ಹಬ್ಬಕ್ಕೆ ಮನೆಯ ಹೂವೇ ಬೇಕಾದರೆ ಬೀಜ ಯಾವಾಗ, ಹೇಗೆ ಹಾಕಬೇಕು?

ಆಯುಧಪೂಜೆಗೆ ಇನ್ನು ಮೂರು ವಾರ ಇದೆ ಅನ್ನುವಾಗ ಚೆಂಡು ಹೂವಿನ ಬೀಜ ತಂದು ಹಾಕುವವರು ಪ್ರತಿ ವರ್ಷ ಸಿಗುತ್ತಾರೆ. ಬೀಜ ಮೊಳೆಯುತ್ತದೆ, ಗಿಡವೂ ಚೆನ್ನಾಗಿಯೇ ಏಳುತ್ತದೆ, ಆದರೆ ಹಬ್ಬದ ದಿನ ಗೇಣುದ್ದದ ಗಿಡದಲ್ಲಿ ಒಂದು ಮೊಗ್ಗೂ ಇರುವುದಿಲ್ಲ, ಕೊನೆಗೆ ಮಾರ್ಕೆಟ್ಟಿಗೆ ಹೋಗಿ ದುಬಾರಿ ಬೆಲೆಗೆ ಹೂ ತರುವುದೇ ಗತಿ. ಆಮೇಲೆ ಬೀಜ ಸರಿ ಇರಲಿಲ್ಲ, ಕಂಪನಿ ಸರಿ ಇಲ್ಲ ಅನ್ನುವ ಮಾತು. ಬೀಜ ಸರಿಯಾಗಿಯೇ ಇತ್ತು. ದಿನದ ಲೆಕ್ಕ ತಪ್ಪಿತ್ತು, ಅಷ್ಟೇ.

ಬೀಜದಿಂದ ಹೂಗಿಡ ಬೆಳೆಸುವುದರಲ್ಲಿ ಕೈಚಳಕಕ್ಕಿಂತ ಕ್ಯಾಲೆಂಡರ್ ಮುಖ್ಯ. ಮಣ್ಣು ಹೇಗಿರಬೇಕು, ನೀರು ಎಷ್ಟು ಹಾಕಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ, ಆದರೆ ಮೊದಲು ಪಂಚಾಂಗ ತೆಗೆದುಕೊಂಡು ಕೂತುಕೊಳ್ಳಿ. ನಿಮಗೆ ಹೂ ಯಾವ ದಿನಕ್ಕೆ ಬೇಕು? ಅಲ್ಲಿಂದ ಹಿಂದಕ್ಕೆ ಎಣಿಸಿ.

ಹಿಂದಕ್ಕೆ ಎಣಿಸುವ ಲೆಕ್ಕ

ಚೆಂಡು ಹೂವಿನಲ್ಲಿ ಎರಡು ಬಗೆ. ದೊಡ್ಡ ಹೂ ಬಿಡುವ, ಎತ್ತರ ಬೆಳೆಯುವ ಆಫ್ರಿಕನ್ ಚೆಂಡು, ಮತ್ತು ಮೊಣಕಾಲಿಗಿಂತ ಕೆಳಗೇ ಪೊದೆಯಂತೆ ನಿಲ್ಲುವ, ಸಣ್ಣ ಹೂವಿನ ಫ್ರೆಂಚ್ ಚೆಂಡು. ಹೆಸರು ಏನೇ ಇರಲಿ, ಎರಡರ ತವರೂ ಮೆಕ್ಸಿಕೋ ಕಡೆಯದ್ದು. ಬಿತ್ತಿದ ದಿನದಿಂದ ಮೊದಲ ಹೂ ಬಿಡಲು ಆಫ್ರಿಕನ್ ಚೆಂಡಿಗೆ 60ರಿಂದ 70 ದಿನ ಬೇಕು, ಫ್ರೆಂಚ್ ಚೆಂಡಿಗೆ 45ರಿಂದ 55 ದಿನ ಸಾಕು. ಆದರೆ ಮೊದಲ ಹೂ ಅಂದರೆ ಒಂದೋ ಎರಡೋ. ಬಾಗಿಲಿಗೆ ತೋರಣ ಕಟ್ಟುವಷ್ಟು, ಗಾಡಿಗೆ ಹಾರ ಹಾಕುವಷ್ಟು ಹೂ ಬೇಕಾದರೆ ಕುಡಿ ಚಿವುಟಿ ಗಿಡ ಕವಲೊಡೆಯುವಂತೆ ಮಾಡಬೇಕು, ಚಿವುಟಿದರೆ ಹೂ ಒಂದೆರಡು ವಾರ ತಡವಾಗುತ್ತದೆ. ಹಾಗಾಗಿ ದೊಡ್ಡ ಚೆಂಡು ಹೂವಿಗೆ 80 ದಿನ ಅಂತಲೇ ಇಟ್ಟುಕೊಳ್ಳಿ. ಆಯುಧಪೂಜೆ ಅಕ್ಟೋಬರ್ 10ಕ್ಕೆ ಬಂತು ಅಂದುಕೊಳ್ಳಿ, ಜುಲೈ 20ರ ಹೊತ್ತಿಗೆ ಬೀಜ ಮಣ್ಣಿನಲ್ಲಿರಬೇಕು. ವಿಜಯದಶಮಿ ಆಗಿ ಸುಮಾರು ಮೂರು ವಾರಕ್ಕೆ ದೀಪಾವಳಿ ಅಲ್ವಾ, ಅದಕ್ಕೆ ಬೇರೆ ಬಿತ್ತುವುದು ಬೇಡ. ಅದೇ ಗಿಡ, ಬಿಟ್ಟ ಹೂ ಕೀಳುತ್ತಾ ಹೋದರೆ, ಎರಡೂ ಹಬ್ಬ ಮಾಡಿಸುತ್ತದೆ.

ಒಂದು ವಿಷಯ ಗಮನದಲ್ಲಿರಲಿ. ಕಳೆದ ವರ್ಷದ ತಾರೀಕು ನೋಡಿ ಬಿತ್ತಬೇಡಿ. ಹಬ್ಬ ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಗೇ ಹತ್ತೊಂಬತ್ತು ದಿನದಷ್ಟು ಮುಂದಕ್ಕೆ ಹೋಗುತ್ತದೆ. ಎರಡೂವರೆ ತಿಂಗಳ ಗಿಡದ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ.

ಗೌರಿ ಹಬ್ಬಕ್ಕೆ ಕರ್ಣಕುಂಡಲ ಹಾಕಿ. ಇದರ ಬೀಜ ಹಾಕಿದ 50ರಿಂದ 60 ದಿನಕ್ಕೆ ಹೂ. ಮಳೆಗಾಲವೇ ಇದರ ಕಾಲ, ಬಿಸಿಲು ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ, ಮಕ್ಕಳ ಕೈಗೆ ಬೀಜ ಕೊಟ್ಟರೂ ಬರುತ್ತದೆ. ಹಬ್ಬಕ್ಕೆ 65 ದಿನ ಮುಂಚೆ ಬಿತ್ತಿದರೆ ನಿರಾಳ. ಈಗ ಇದನ್ನು ಬೆಳೆಸುವವರು ಯಾಕೆ ಕಡಿಮೆಯಾದರೋ ನನಗೆ ಅರ್ಥವಾಗುವುದಿಲ್ಲ, ಬಹುಶಃ ಕಿತ್ತ ಮೇಲೆ ಬೇಗ ಬಾಡುತ್ತದೆ, ಮಾರಾಟಕ್ಕೆ ಬರುವುದಿಲ್ಲ ಅಂತ ಇರಬೇಕು. ಮನೆಗೆ ಅದೇನೂ ತೊಂದರೆ ಅಲ್ಲ.

ಝಿನ್ನಿಯಾ ಮತ್ತು ಕಿತ್ತಳೆ, ಹಳದಿ ಬಣ್ಣದ ಕಾಸ್ಮಾಸ್ ಎರಡಕ್ಕೂ 50ರಿಂದ 60 ದಿನ. ಕೋಳಿಜುಟ್ಟಿಗೆ ಎರಡೂವರೆಯಿಂದ ಮೂರು ತಿಂಗಳು. ಆಸ್ಟರ್ ಬೇಕಾದರೆ ತಾಳ್ಮೆ ಬೇಕು, ಮೂರೂವರೆ ನಾಲ್ಕು ತಿಂಗಳು ಹಿಡಿಯುತ್ತದೆ. ದಸರೆಗೆ ಆಸ್ಟರ್ ಬೇಕು ಅಂದರೆ ಜೂನ್ ಮೊದಲ ವಾರಗಳಲ್ಲೇ ಬೀಜ ಹಾಕಬೇಕು. ಅದೂ ಒಂದು ಸಲ ಹೂ ಬಿಟ್ಟರೆ ಗಿಡದ ಕೆಲಸ ಮುಗಿದ ಹಾಗೆ, ಚೆಂಡು ಹೂವಿನ ತರಹ ತಿಂಗಳುಗಟ್ಟಲೆ ಕೊಡುವುದಿಲ್ಲ. ಅದಕ್ಕೇ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬೀಜ ಹಾಕುತ್ತಾ ಹೋಗುವುದು ಒಳ್ಳೆಯದು.

ಪೆಟೂನಿಯಾ, ಸಾಲ್ವಿಯಾ, ಪ್ಯಾನ್ಸಿ ಇವೆಲ್ಲ ಚಳಿಗಾಲದ ಹೂ. ಜನವರಿ 26ರ ಸಮಯಕ್ಕೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಸಾಲಾಗಿ ಜೋಡಿಸಿರುತ್ತಾರಲ್ಲ, ಆ ಕುಂಡಗಳೂ ಇದೇ ಲೆಕ್ಕದ ಮೇಲೆಯೇ ನಿಂತಿರುವುದು. ತಿಂಗಳುಗಳ ಹಿಂದೆ ಹಿಂದಕ್ಕೆ ಎಣಿಸಿ ಬಿತ್ತದಿದ್ದರೆ ಅಷ್ಟೂ ಗಿಡ ಒಂದೇ ವಾರ ಅರಳಿ ನಿಲ್ಲುವುದು ಸಾಧ್ಯವೇ ಇಲ್ಲ. ನೀವೂ ಜನವರಿ ಕೊನೆಗೆ ಪೆಟೂನಿಯಾ ನೋಡಬೇಕಾದರೆ ಅಕ್ಟೋಬರ್ ಮೊದಲ ವಾರದೊಳಗೆ ಬಿತ್ತಿ.

ಪ್ಯಾಕೆಟ್ ಹಿಂದಿನ ತಿಂಗಳು ನಂಬಬೇಡಿ

ಎಷ್ಟೋ ಪ್ಯಾಕೆಟ್ ಮೇಲೆ ಬರೆದಿರುವ ಬಿತ್ತನೆ ಕಾಲ ಉತ್ತರ ಭಾರತದ ಲೆಕ್ಕದ್ದು. ವಿದೇಶಿ ಪ್ಯಾಕೆಟ್ಟಾದರೆ ಹಿಮ ಬೀಳುವುದು ನಿಂತ ಮೇಲೆ ಬಿತ್ತಿ ಅಂತ ಇರುತ್ತದೆ. ನಮ್ಮಲ್ಲಿ ಬಿತ್ತನೆಗೆ ಅಡ್ಡಿ ಬರುವುದು ಚಳಿ ಅಲ್ಲ, ಜೋರು ಮಳೆ ಮತ್ತು ಏಪ್ರಿಲ್ ಬಿಸಿಲು. ಅದೂ ಊರಿಂದ ಊರಿಗೆ ಬೇರೆ.

ಬೆಂಗಳೂರು, ಮೈಸೂರು, ತುಮಕೂರು ಕಡೆ ವರ್ಷದಲ್ಲಿ ಹೆಚ್ಚು ಕಡಿಮೆ ಯಾವಾಗ ಬೇಕಾದರೂ ಏನಾದರೊಂದು ಬಿತ್ತಬಹುದು, ಅದು ಈ ಬಯಲಿನ ಪುಣ್ಯ. ಆದರೆ ಬೆಂಗಳೂರಿನಲ್ಲಿ ಮಳೆ ಜಾಸ್ತಿ ಬೀಳುವುದು ಜೂನ್, ಜುಲೈನಲ್ಲಿ ಅಲ್ಲ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ದಸರೆಯ ಚೆಂಡು ಗಿಡಕ್ಕೆ ಮೊಗ್ಗು ಕಟ್ಟುವ ಹೊತ್ತಿಗೇ ರಾತ್ರಿ ಸುರಿಯುವ ಮಳೆ ಶುರುವಾಗುತ್ತದೆ. ದೊಡ್ಡ ಹೂ ನೀರು ಹೀರಿ ಭಾರವಾಗಿ ತಲೆ ಬಗ್ಗಿಸುತ್ತದೆ, ಒಳಗಿನಿಂದ ಕೊಳೆಯುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿ ಇಡಿ, ಕೆಳಗಿನ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ, ಎತ್ತರದ ಗಿಡಕ್ಕೆ ಒಂದು ಕೋಲು ಕಟ್ಟಿ.

ಕರಾವಳಿಯವರು ಜೂನ್, ಜುಲೈನಲ್ಲಿ ಬಯಲಲ್ಲಿ ಬಿತ್ತುವ ಆಸೆ ಬಿಡಿ. ಕರ್ಣಕುಂಡಲ ಒಂದನ್ನು ಮಾಡಿನ ಕೆಳಗೆ ಸಸಿ ಮಾಡಿಕೊಂಡು ಹೊರಗೆ ನೆಡಬಹುದು. ಉಳಿದದ್ದೆಲ್ಲ ಆಗಸ್ಟ್ ಕೊನೆಗೆ ಜಗಲಿಯ ಮೇಲೆ ಸಸಿ ಮಾಡಿ, ಮಳೆ ಇಳಿದ ಮೇಲೆ ನೆಡಿ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಸಸಿ ಉಳಿಸುವುದೇ ಕಷ್ಟ. ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ಬಿತ್ತಿದರೆ ಇಡೀ ಚಳಿಗಾಲ ಹೂ. ಬೇಸಿಗೆಗೆ ನಿಲ್ಲುವಂಥದ್ದು ಬೇಕಾದರೆ ನಿತ್ಯಪುಷ್ಪ ಮತ್ತು ಟೇಬಲ್ ರೋಸ್.

ಬೀಜ ಕೊಳ್ಳುವಾಗ

ಪ್ಯಾಕೆಟ್ ಮೇಲಿನ ಹೂವಿನ ಚಿತ್ರ ನೋಡುವ ಮುಂಚೆ ತಿರುಗಿಸಿ ತಾರೀಕು ನೋಡಿ. ಪರೀಕ್ಷೆ ಮಾಡಿದ ದಿನ ಮತ್ತು ಯಾವಾಗಿನವರೆಗೆ ಬಿತ್ತಬಹುದು ಅನ್ನುವುದು ಇರಬೇಕು. ಚೆಂಡು, ಝಿನ್ನಿಯಾ ಬೀಜ ಸ್ವಲ್ಪ ಹಳತಾದರೂ ಮೊಳೆಯುತ್ತದೆ. ಆಸ್ಟರ್ ಮಾತ್ರ ಹಾಗಲ್ಲ, ಅದರ ಬೀಜದ ಜೀವ ಹೆಚ್ಚೆಂದರೆ ಒಂದು ವರ್ಷ, ಬಿಸಿಲಿಗೆ ನೇತು ಹಾಕಿದ ಅಂಗಡಿಯ ಪ್ಯಾಕೆಟ್ ಆದರೆ ಅಷ್ಟೂ ಇಲ್ಲ. ಆಸ್ಟರ್‌ನಲ್ಲಿ ಹೆಸರಿರುವ ತಳಿಯನ್ನೇ ಕೇಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ ಗಾಢ ಗುಲಾಬಿ ಬಣ್ಣದ್ದು, ಪೂರ್ಣಿಮಾ ಬಿಳಿ, ವಯಲೆಟ್ ಕುಶನ್ ಹೆಸರೇ ಹೇಳುವ ಹಾಗೆ ನೇರಳೆ. ಇವು ನಮ್ಮ ಹವೆಗೆ ಅಂತಲೇ ಮಾಡಿದ ತಳಿಗಳು. ಹಾಗೆಯೇ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ನಾರಂಗಿ, ಪೂಸಾ ಬಸಂತಿ ಚೆಂಡು ಹೂವಿನ ಬೀಜ ಸಿಕ್ಕಿದರೆ ತೆಗೆದುಕೊಳ್ಳಿ, ಮೊದಲನೆಯದು ಕಿತ್ತಳೆ, ಎರಡನೆಯದು ಹಳದಿ. ಇವುಗಳಿಂದ ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದು.

ಪ್ಯಾಕೆಟ್ ಮೇಲೆ ಎಫ್‌1 ಅಂತ ಇದ್ದರೆ ಅದು ಹೈಬ್ರಿಡ್. ಗಿಡ ಒಂದೇ ಸಮ ಬರುತ್ತದೆ, ಹೂ ದಪ್ಪ. ಆದರೆ ಅದರ ಬೀಜ ಎತ್ತಿಟ್ಟು ಹಾಕಿದರೆ ತಾಯಿ ಗಿಡದ ಹಾಗೆ ಬರುವುದಿಲ್ಲ. ಕೆಲವು ಚೆಂಡು ಹೈಬ್ರಿಡ್‌ಗಳಲ್ಲಿ ಬೀಜವೇ ಕಟ್ಟುವುದಿಲ್ಲ. ಬೆಲೆ ಕೊಟ್ಟು ತರುವ ಮುಂಚೆ ಇದು ಗೊತ್ತಿರಲಿ. ಇನ್ನು "ಮಿಕ್ಸ್" ಪ್ಯಾಕೆಟ್ ನನಗೆ ಇಷ್ಟವಿಲ್ಲ. ಹತ್ತು ಬಣ್ಣ ಅಂತ ಬರೆದಿರುತ್ತಾರೆ, ಕೊನೆಗೆ ಮೂರು ಬಣ್ಣ ಬರುತ್ತದೆ, ಅದರಲ್ಲಿ ಎರಡು ಪಕ್ಕಪಕ್ಕ ಇಡುವಂಥದ್ದಲ್ಲ.

ಬೀಜ ಗುಲಾಬಿ ಅಥವಾ ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಸವರಿದ್ದಾರೆ ಅಂತ ಅರ್ಥ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಪೂಜೆಯ ಹೂವಿನಿಂದ ಬೀಜ ಬರುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಒಣಗಿದ ಹಾರವನ್ನು ಕುಂಡದಲ್ಲಿ ಉದುರಿಸಿದರೆ ಒಂದೆರಡು ಸಸಿ ಏಳುವುದೂ ಉಂಟು. ಆದರೆ ಮಾರುವ ಹೂವನ್ನು ಬೀಜ ಬಲಿಯುವ ಮುಂಚೆಯೇ ಕಿತ್ತಿರುತ್ತಾರೆ, ಮೇಲಾಗಿ ಹೆಚ್ಚಿನವು ಹೈಬ್ರಿಡ್. ಹಾಗಾಗಿ ಬಂದರೆ ಬರಲಿ, ಹಬ್ಬಕ್ಕೆ ಅದನ್ನೇ ನಂಬಿ ಕೂರಬೇಡಿ.

ಮನೆಯಲ್ಲಿ ಇದ್ದ ಹಳೆ ಬೀಜದ ಮೇಲೆ ಅನುಮಾನವಿದ್ದರೆ ಹತ್ತು ಬೀಜ ಎಣಿಸಿ, ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಒಂದು ವಾರ ಇಡಿ. ಆರೇಳು ಮೊಳೆತರೆ ಧಾರಾಳ. ಎರಡೋ ಮೂರೋ ಆದರೆ ದಟ್ಟವಾಗಿ ಬಿತ್ತಿ. ಒಂದೂ ಇಲ್ಲ ಅಂದರೆ ಕನಿಷ್ಠ ಎಂಟು ವಾರ ಕಳೆದುಕೊಳ್ಳುವ ಮುಂಚೆ ಗೊತ್ತಾಯಿತಲ್ಲ.

ಮಣ್ಣು

ಸಸಿ ಮಾಡುವ ಮಣ್ಣು ಬೇರೆ, ಗಿಡ ಬೆಳೆಸುವ ಮಣ್ಣು ಬೇರೆ. ತೋಟದ ಮಣ್ಣನ್ನೇ ಟ್ರೇಗೆ ತುಂಬಿದರೆ ಎರಡು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗಿ ಮೇಲೆ ಪದರ ಕಟ್ಟುತ್ತದೆ, ಸಣ್ಣ ಮೊಳಕೆ ಅದನ್ನು ಒಡೆದುಕೊಂಡು ಬರಲಾರದು. ಎರೆಮಣ್ಣಿನ ಸೀಮೆಯವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಸಸಿಗೆ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಮಾಗಿದ ಎರೆಹುಳು ಗೊಬ್ಬರ ಸಾಕು. ಇಟ್ಟಿಗೆಯ ಆಕಾರದ ಕೋಕೋಪೀಟ್ ತಂದಿದ್ದರೆ ನೆನೆಸಿ ಉಬ್ಬಿದ ಮೇಲೆ ಒಂದೆರಡು ಸಲ ನೀರು ಬದಲಾಯಿಸಿ ಹಿಂಡಿ, ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದಿದ್ದರೆ ಸಸಿಯ ಎಲೆಯಂಚು ಸುಡುತ್ತದೆ. ಹಿಡಿಯಲ್ಲಿ ಒತ್ತಿದರೆ ಒಂದೆರಡು ಹನಿ ನೀರು ಬರಬೇಕು, ಧಾರೆಯಾಗಿ ಸುರಿಯಬಾರದು. ಟ್ರೈಕೋಡರ್ಮ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ, ಸಿಕ್ಕಿದರೆ ಒಂದು ಬಕೆಟ್ ಮಿಶ್ರಣಕ್ಕೆ ಒಂದೆರಡು ಚಮಚ ಬೆರೆಸಿ, ಬುಡ ಕೊಳೆಯುವುದು ಕಡಿಮೆಯಾಗುತ್ತದೆ.

ನರ್ಸರಿಯವರು ಬಳಸುವುದು 98 ಗುಳಿಯ ಪ್ರೋಟ್ರೇ. ಮನೆಗೆ ಅದೇ ಆಗಬೇಕು ಅಂತಿಲ್ಲ. ಕಾಗದದ ಲೋಟ, ಮೊಸರಿನ ಡಬ್ಬಿ, ಸ್ವೀಟ್ ಬಾಕ್ಸ್ ಏನಾದರೂ ಸರಿ, ಕೆಳಗೆ ತೂತು ಇರಬೇಕು ಅಷ್ಟೇ. ತೂತಿಲ್ಲದ ಡಬ್ಬಿಯಲ್ಲಿ ಸಸಿ ಮಾಡಲು ಹೊರಟವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಬಿತ್ತುವುದು

ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿ ಹಾಕಬೇಕು ಅನ್ನುವುದು ಹಳೆಯ ಅಳತೆ, ಅದು ಸರಿಯಾಗಿಯೇ ಇದೆ. ಚೆಂಡು, ಝಿನ್ನಿಯಾ, ಕಾಸ್ಮಾಸ್, ಕರ್ಣಕುಂಡಲ ಇವಕ್ಕೆ ಅರ್ಧ ಸೆಂಟಿಮೀಟರ್, ಹೆಚ್ಚೆಂದರೆ ಒಂದು. ಬೆರಳಿನ ಗೆಣ್ಣಿನಷ್ಟು ಒಳಗೆ ತಳ್ಳುವ ಅಭ್ಯಾಸ ತರಕಾರಿಯಲ್ಲಿ ಹುರುಳಿಕಾಯಿಗೆ ನಡೆಯುತ್ತದೆ, ಹೂವಿನ ಬೀಜಕ್ಕೆ ನಡೆಯುವುದಿಲ್ಲ. ಚೆಂಡು ಹೂವಿನ ಬೀಜ ಕಪ್ಪು ಕಡ್ಡಿಯಂತೆ, ತುದಿಯಲ್ಲಿ ಬಿಳಿ ಕೂದಲು. ಮಲಗಿಸಿ ಹಾಕಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಬರುತ್ತದೆ. ಝಿನ್ನಿಯಾ ಇನ್ನೂ ಅವಸರದ್ದು, ಬೆಚ್ಚಗಿದ್ದರೆ ನಾಲ್ಕೈದು ದಿನಕ್ಕೆ ಎದ್ದಿರುತ್ತದೆ.

ಝಿನ್ನಿಯಾ ಮತ್ತು ಕಾಸ್ಮಾಸ್ ಅನ್ನು ನೇರವಾಗಿ ದೊಡ್ಡ ಕುಂಡಕ್ಕೇ ಬಿತ್ತಿ. ಝಿನ್ನಿಯಾಗೆ ಬೇರು ಅಲುಗಾಡಿಸಿದರೆ ಆಗುವುದಿಲ್ಲ, ಎತ್ತಿ ನೆಟ್ಟ ಗಿಡ ಎರಡು ವಾರ ಮುನಿಸಿಕೊಂಡು ನಿಲ್ಲುತ್ತದೆ. ಸೂರ್ಯಕಾಂತಿಯೂ ಅಷ್ಟೇ. ಒಂದೊಂದು ಕಡೆ ಎರಡು ಮೂರು ಬೀಜ ಹಾಕಿ, ಮೊಳೆತ ಮೇಲೆ ಗಟ್ಟಿಮುಟ್ಟಾದ ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರೂ ಏಳುತ್ತದೆ. ಇದು ಮನಸ್ಸಿಗೆ ಕಷ್ಟದ ಕೆಲಸ, ಮೊಳೆತ ಸಸಿ ಸಾಯಿಸುವುದು ಹೇಗೆ ಅನ್ನಿಸುತ್ತದೆ, ಆದರೆ ಒಂದೇ ಕುಂಡದಲ್ಲಿ ಐದು ಗಿಡ ಬಿಟ್ಟರೆ ಐದೂ ಸೊರಗಿ ಹೋಗುತ್ತವೆ.

ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದದ ಮೇಲೆ ಸ್ವಲ್ಪ ಉಜ್ಜಿ, ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದೆ ಹಾಗೇ ಉಳಿದದ್ದನ್ನು ಮತ್ತೆ ಉಜ್ಜಿ ನೆನೆಸಿ.

ನಿತ್ಯಪುಷ್ಪದ ಬೀಜಕ್ಕೆ ಕತ್ತಲೆ ಬೇಕು, ಮೇಲೆ ಮಣ್ಣು ಮುಚ್ಚಿ, ಟ್ರೇ ಮೇಲೆ ಕಾಗದ ಹಾಕಿ ಬೆಚ್ಚಗಿನ ಜಾಗದಲ್ಲಿಡಿ. ಪೆಟೂನಿಯಾ, ಟೇಬಲ್ ರೋಸ್, ಸಾಲ್ವಿಯಾ ಪೂರಾ ಉಲ್ಟಾ, ಇವಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚಬಾರದು.

ಪೆಟೂನಿಯಾ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ, ಮತ್ತು ಎಲ್ಲರೂ ಸೋಲುವುದೂ ಅದರಲ್ಲೇ. ಅದರ ಬೀಜ ಧೂಳು. ಒಂದು ಗ್ರಾಮಿಗೆ ಸಾವಿರಗಟ್ಟಲೆ ಬೀಜ. ಕೈಯಲ್ಲಿ ಹಿಡಿದರೆ ಬೆವರಿಗೆ ಅಂಟಿಕೊಳ್ಳುತ್ತದೆ, ಉಫ್ ಅಂದರೆ ಹಾರಿ ಹೋಗುತ್ತದೆ, ನಾಲ್ಕು ಹನಿ ನೀರು ಮೇಲಿನಿಂದ ಬಿದ್ದರೆ ಎಲ್ಲಾ ಒಂದು ಮೂಲೆಗೆ ಹೋಗಿ ಸೇರುತ್ತದೆ. ಮೊದಲು ಮಣ್ಣನ್ನು ಪೂರ್ತಿ ಒದ್ದೆ ಮಾಡಿ ಮಟ್ಟ ಮಾಡಿಕೊಳ್ಳಿ. ಬೀಜವನ್ನು ಒಂದು ಚಮಚ ಒಣ ನಯವಾದ ಮರಳಿನಲ್ಲಿ ಬೆರೆಸಿ, ಮಡಚಿದ ಗಟ್ಟಿ ಕಾಗದದ ಮೇಲೆ ಹಾಕಿ ಬೆರಳಲ್ಲಿ ತಟ್ಟುತ್ತಾ ಉದುರಿಸಿ. ಮೇಲೆ ಏನೂ ಮುಚ್ಚಬೇಡಿ, ಒಂದು ಚಪ್ಪಟೆ ಡಬ್ಬಿಯ ತಳದಿಂದ ಮೆಲ್ಲಗೆ ಒತ್ತಿ. ಪಾರದರ್ಶಕ ಮುಚ್ಚಳ ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಒಂದು ವಾರದಿಂದ ಹನ್ನೆರಡು ದಿನದೊಳಗೆ ಹಸಿರು ಚುಕ್ಕಿ ಕಾಣುತ್ತದೆ, ಕಂಡ ತಕ್ಷಣ ಮುಚ್ಚಳ ತೆಗೆಯಿರಿ. ಆಮೇಲೂ ಮೂರು ವಾರ ಅದು ಬೆಳೆಯುತ್ತಲೇ ಇಲ್ಲ ಅನ್ನಿಸುತ್ತದೆ. ಬಿಟ್ಟುಬಿಡಿ, ಮುಟ್ಟಬೇಡಿ. ನಿಜ ಹೇಳಬೇಕೆಂದರೆ, ಮೊದಲ ಸಲ ಬೀಜ ಹಾಕುತ್ತಿರುವವರು ಪೆಟೂನಿಯಾ ಸಸಿಯನ್ನೇ ಕೊಂಡು ತಂದು, ಕೈಯನ್ನು ಚೆಂಡು ಹೂವಿನ ಮೇಲೆ ಪಳಗಿಸಿಕೊಳ್ಳುವುದು ವಾಸಿ. ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ನರ್ಸರಿಗಳಿಗೇನು ಬರವೇ?

ಸಸಿ ಸಾಯುವುದು ಯಾಕೆ

ಮೊಳೆಯದ ಬೀಜಕ್ಕಿಂತ ಮೊಳೆತು ಸತ್ತ ಸಸಿಯೇ ಹೆಚ್ಚು. ಸಂಜೆ ಚೆನ್ನಾಗಿದ್ದ ಸಸಿ ಬೆಳಿಗ್ಗೆ ನೋಡಿದರೆ ಮಲಗಿರುತ್ತದೆ. ಬುಡದ ಹತ್ತಿರ ನೋಡಿ, ದಾರದಷ್ಟು ತೆಳ್ಳಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಶಿಲೀಂಧ್ರದ ಕೆಲಸ. ಮಲಗಿದ್ದನ್ನು ಎಬ್ಬಿಸಲು ಆಗುವುದಿಲ್ಲ. ಅದನ್ನೂ ಸುತ್ತಲಿನ ಮಣ್ಣನ್ನೂ ಚಮಚದಲ್ಲಿ ತೆಗೆದು ಬಿಸಾಕಿ, ಟ್ರೇಯನ್ನು ಗಾಳಿ ಆಡುವ ಕಡೆ ಇಟ್ಟು ಒಂದು ದಿನ ನೀರು ನಿಲ್ಲಿಸಿ. ಇದು ಬರುವುದೇ ಮೂರು ಕಾರಣಕ್ಕೆ: ತುಂಬಾ ದಟ್ಟವಾಗಿ ಬಿತ್ತಿರುವುದು, ಗಾಳಿ ಇಲ್ಲದಿರುವುದು, ಮತ್ತು ಪ್ರೀತಿ ಜಾಸ್ತಿಯಾಗಿ ದಿನಕ್ಕೆ ಮೂರು ಸಲ ನೀರು ಹಾಕುವುದು.

ನೀರನ್ನು ಕೆಳಗಿನಿಂದ ಕುಡಿಸಿ. ಅಗಲವಾದ ತಟ್ಟೆಯಲ್ಲಿ ಒಂದು ಇಂಚು ನೀರು ಹಾಕಿ ಟ್ರೇಯನ್ನು ಅದರಲ್ಲಿ ಹತ್ತು ನಿಮಿಷ ಇಟ್ಟರೆ ತೂತಿನಿಂದ ಎಳೆದುಕೊಳ್ಳುತ್ತದೆ. ಮೇಲಿನ ಮಣ್ಣು ಬಣ್ಣ ತಿಳಿಯಾದ ಮೇಲೆ ಮತ್ತೆ ಇಡಿ. ಬೆಳಿಗ್ಗೆ ಹೊತ್ತು ಒಳ್ಳೆಯದು, ರಾತ್ರಿ ಒದ್ದೆ ನಿಂತರೆ ಶಿಲೀಂಧ್ರಕ್ಕೆ ಹಬ್ಬ.

ಇನ್ನೊಂದು ಕಾಯಿಲೆ, ಸಸಿ ಉದ್ದಕ್ಕೆ ತೆಳ್ಳಗೆ ಬೆಳೆದು ಒಂದು ಕಡೆ ವಾಲುವುದು. ಅದು ಕಾಯಿಲೆ ಅಲ್ಲವೇ ಅಲ್ಲ, ಬೆಳಕು ಸಾಲದು. ಮೊಳಕೆ ಬರುವವರೆಗೆ ಮಾತ್ರ ನೆರಳು, ಬಂದ ದಿನದಿಂದಲೇ ಬೆಳಗಿನ ಎಳೆ ಬಿಸಿಲು ಬೇಕು. ಅಡುಗೆ ಮನೆಯ ಕಿಟಕಿಯಲ್ಲಿ ಸಸಿ ಮಾಡುವವರಿಗೆ ಇದು ಖಂಡಿತ ಆಗುತ್ತದೆ.

ಇರುವೆಗಳು ಬೀಜ ಹೊತ್ತುಕೊಂಡು ಹೋಗುತ್ತವೆ, ಮೊಳೆಯಲಿಲ್ಲ ಅಂತ ನೀವು ಕಾಯುತ್ತಾ ಇರುತ್ತೀರಿ. ಟ್ರೇಯನ್ನು ನಾಲ್ಕು ಲೋಟದ ಮೇಲೆ ಇಟ್ಟು ಆ ಲೋಟಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಮುಗಿಯಿತು. ಮಳೆಗಾಲದಲ್ಲಿ ಬಸವನಹುಳದ ಕಾಟ, ಒಂದೇ ರಾತ್ರಿಗೆ ಇಡೀ ಸಾಲು ಚೆಂಡು ಸಸಿ ಮೇಯ್ದುಬಿಡುತ್ತದೆ. ಅದಕ್ಕೆ ರಾತ್ರಿ ಟಾರ್ಚ್ ಹಿಡಿದು ಆರಿಸುವುದಕ್ಕಿಂತ ಒಳ್ಳೆ ಉಪಾಯ ಇನ್ನೂ ನಾನು ಕಂಡಿಲ್ಲ, ಕೈಗೆ ಕವರ್ ಹಾಕಿಕೊಳ್ಳಿ. ಗುಬ್ಬಿ, ಅಳಿಲಿಗೆ ಹಳೆಯ ಸೊಳ್ಳೆ ಪರದೆ ತುಂಡು ಸಾಕು.

ನೆಡುವುದು, ಚಿವುಟುವುದು

ಚೆಂಡು ಸಸಿಗೆ ನಾಲ್ಕೈದು ನಿಜವಾದ ಎಲೆ (ಮೊಳಕೆಯ ಜೊತೆ ಬರುವ ಮೊದಲ ಜೋಡಿ ಬಿಟ್ಟು) ಬಂದಾಗ, ಅಂದರೆ 20ರಿಂದ 25 ದಿನಕ್ಕೆ, ಕುಂಡಕ್ಕೆ ಎತ್ತಿ. ಅದಕ್ಕೆ ಮುಂಚೆ ನಾಲ್ಕೈದು ದಿನ ಹೊರಗಿನ ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿ. ಸಂಜೆ ನೆಡಿ, ನೆಡುವ ಒಂದು ಗಂಟೆ ಮುಂಚೆ ಟ್ರೇಗೆ ನೀರು ಕುಡಿಸಿ, ಸಸಿಯನ್ನು ಎಲೆ ಹಿಡಿದು ಎತ್ತಿ, ಕಾಂಡ ಹಿಸುಕಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಅದರ ಕಥೆ ಮುಗಿಯಿತು. ಚೆಂಡು ಸಸಿ ಉದ್ದವಾಗಿಬಿಟ್ಟಿದ್ದರೆ ಮೊದಲ ಎಲೆಯವರೆಗೂ ಆಳಕ್ಕೆ ನೆಡಬಹುದು, ಹೂತ ಕಾಂಡದಿಂದಲೂ ಬೇರು ಬಿಡುತ್ತದೆ. ಆಸ್ಟರ್‌ಗೆ ಹಾಗೆ ಮಾಡಬೇಡಿ, ಟ್ರೇನಲ್ಲಿದ್ದ ಮಟ್ಟಕ್ಕೇ ಇರಲಿ.

ಕುಂಡದ ಮಣ್ಣಿಗೆ ಕೆಂಪು ಮಣ್ಣು, ಮಾಗಿದ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ದೊಡ್ಡ ಚೆಂಡಿಗೆ 10ರಿಂದ 12 ಇಂಚಿನ ಕುಂಡಕ್ಕೆ ಒಂದೇ ಗಿಡ, ಫ್ರೆಂಚ್ ಚೆಂಡು, ಆಸ್ಟರ್, ಕರ್ಣಕುಂಡಲಕ್ಕೆ 8 ಇಂಚು ಸಾಕು. ಆಸ್ಟರ್ ಬೆಳೆದ ಮಣ್ಣಿಗೆ ಮುಂದಿನ ಸಲ ಮತ್ತೆ ಆಸ್ಟರ್ ಹಾಕಬೇಡಿ, ಸೊರಗು ರೋಗ ಮಣ್ಣಿನಲ್ಲೇ ಉಳಿದಿರುತ್ತದೆ, ಮೊಗ್ಗು ಬಂದ ಗಿಡ ಒಂದು ಕಡೆಯಿಂದ ಬಾಡುತ್ತಾ ಬರುತ್ತದೆ. ಆ ಮಣ್ಣಿಗೆ ಚೆಂಡು ಹಾಕಿ.

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದ ಬಾಲ್ಕನಿಯಲ್ಲಿ ಚೆಂಡು, ಝಿನ್ನಿಯಾ ಪ್ರಯತ್ನ ಬೇಡ. ಅಲ್ಲಿ ಕರ್ಣಕುಂಡಲ ನೋಡಿ.

ಚೆಂಡು ಗಿಡ ಒಂದು ತಿಂಗಳಾಗಿ ನಾಲ್ಕೈದು ಜೊತೆ ಎಲೆ ಬಂದ ಮೇಲೆ ತುದಿಯ ಕುಡಿಯನ್ನು ಉಗುರಿನಿಂದ ಚಿವುಟಿ. ಝಿನ್ನಿಯಾಗೂ ಹೀಗೇ. ಹಬ್ಬಕ್ಕೆ 40 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಚಿವುಟುವುದು ಬೇಡ, ಬಿಟ್ಟಷ್ಟು ಹೂ ಬಿಡಲಿ. ತಡವಾಗಿ ಬಿತ್ತಿದವರು ಇದನ್ನು ಮರೆತು ಚಿವುಟಿ ಇದ್ದ ಹೂವನ್ನೂ ಕಳೆದುಕೊಳ್ಳುತ್ತಾರೆ. ಕರ್ಣಕುಂಡಲದಲ್ಲಿ ಹೂ ಬರುವುದು ನಡುಕಾಂಡದ ಉದ್ದಕ್ಕೂ ಎಲೆಯ ಬುಡದಲ್ಲಿ, ಹಾಗಾಗಿ ಅದನ್ನು ಚಿವುಟದೆ ಹಾಗೇ ಬಿಡುವುದು ಚೆಂದ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ಕಡಲೆಕಾಯಿ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ, ಎರಡು ವಾರಕ್ಕೊಮ್ಮೆ ಒಂದು ಲೋಟ ಹಾಕಿದರೆ ಬೇಕಾದಷ್ಟಾಯಿತು. ಮೊಗ್ಗು ಕಂಡ ಮೇಲೆ ಅದನ್ನೂ ನಿಲ್ಲಿಸಿ. ಕಾಸ್ಮಾಸ್‌ಗಂತೂ ಗೊಬ್ಬರವೇ ಬೇಡ, ಹಾಕಿದಷ್ಟೂ ಆಳೆತ್ತರ ಎಲೆ ಬೆಳೆಸಿಕೊಂಡು ಹೂವಿಲ್ಲದೆ ನಿಲ್ಲುತ್ತದೆ.

ಝಿನ್ನಿಯಾ ಎಲೆಯ ಮೇಲೆ ಬೂದಿ ಎರಚಿದ ಹಾಗೆ ಬಂದರೆ ಬೂದಿ ರೋಗ. ಗಿಡ ದೂರದೂರ ಇರಲಿ, ನೀರು ಬುಡಕ್ಕೆ ಮಾತ್ರ ಹಾಕಿ, ಕೆಳಗಿನ ರೋಗದ ಎಲೆ ಕಿತ್ತು ಹಾಕಿ. ಬೇಸಿಗೆಯಲ್ಲಿ ಚೆಂಡು ಗಿಡದ ತುದಿಗೆ ಜೇಡರ ಬಲೆಯಂತೆ ಸಣ್ಣ ಎಳೆ ಕಟ್ಟಿದರೆ ಅದು ನುಸಿ, ಎಲೆಯ ಅಡಿಗೆ ನೀರಿನ ಧಾರೆ ಬಿಟ್ಟು ತೊಳೆದು, ಲೀಟರ್ ನೀರಿಗೆ 3ರಿಂದ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕದಡಿ ಸಂಜೆ ಹೊಡೆಯಿರಿ.

ಮುಂದಿನ ವರ್ಷದ ಬೀಜ

ಹೈಬ್ರಿಡ್ ಅಲ್ಲದ ಗಿಡದಲ್ಲಿ ಒಳ್ಳೆಯ ಎರಡು ಮೂರು ಹೂವನ್ನು ಕೀಳದೆ ಗಿಡದಲ್ಲೇ ಬಿಡಿ. ಮೊದಲೇ ಒಂದು ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಪೂಜೆಗೆ ಕಿತ್ತಿರುತ್ತಾರೆ. ಹೂವಿನ ತೊಟ್ಟು ಒಣಗಿ ಕಂದಾದ ಮೇಲೆ ಕಿತ್ತು ನೆರಳಲ್ಲಿ ಒಂದು ವಾರ ಒಣಗಿಸಿ. ಚೆಂಡು ಗಿಡಗಳು ಜೇನುಹುಳದಿಂದ ಒಂದಕ್ಕೊಂದು ಬೆರೆಯುತ್ತವೆ, ಹಳದಿ ಮತ್ತು ಕಿತ್ತಳೆ ಪಕ್ಕಪಕ್ಕ ಇದ್ದರೆ ಮುಂದಿನ ವರ್ಷ ಯಾವ ಬಣ್ಣ ಬರುತ್ತದೋ ಹೇಳಲಾಗದು. ಬಣ್ಣ ಹಾಗೇ ಉಳಿಯಬೇಕಾದರೆ ಬೀಜಕ್ಕೆ ಬಿಟ್ಟ ಹೂವಿಗೆ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಬಹುದು, ಬೀಜ ಸ್ವಲ್ಪ ಕಡಿಮೆ ಸಿಗುತ್ತದೆ.

ಕರ್ಣಕುಂಡಲದ ಕಾಯಿ ಬಲಿತರೆ ಮುಟ್ಟಿದೊಡನೆ ಸಿಡಿಯುತ್ತದೆ. ತಿಳಿ ಹಳದಿಗೆ ತಿರುಗಿದ ಕಾಯಿಯನ್ನು ಇಡೀ ಮುಷ್ಟಿಯೊಳಗೆ ತೆಗೆದುಕೊಂಡು ಆಮೇಲೆ ಒತ್ತಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಬೇರೆ ಆಟವೇ ಬೇಡ, ಅರ್ಧ ಬೀಜ ಅಂಗಳದ ಪಾಲಾಗುತ್ತದೆ, ಮುಂದಿನ ಮಳೆಗೆ ಅಲ್ಲೇ ಎದ್ದಿರುತ್ತದೆ.

ಒಣಗಿದ ಬೀಜವನ್ನು ಕಾಗದದ ಕವರಿನಲ್ಲಿ ಹಾಕಿ, ಮೇಲೆ ಹೂವಿನ ಹೆಸರು, ಬಣ್ಣ, ತೆಗೆದ ತಿಂಗಳು ಬರೆಯಿರಿ. ಎಲ್ಲಾ ಕವರ್‌ಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೊರಗೆ ತೆಗೆದಾಗ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ಒಳಗೆ ತೇವ ಕೂರುತ್ತದೆ. ಹೀಗಿಟ್ಟ ಚೆಂಡು, ಝಿನ್ನಿಯಾ ಬೀಜ ಎರಡು ವರ್ಷ ಧೈರ್ಯವಾಗಿ ಬಳಸಬಹುದು. ಆಸ್ಟರ್ ಬೀಜವನ್ನು ಮಾತ್ರ ಬರುವ ಜೂನ್‌ಗೇ ಬಿತ್ತಿ ಖಾಲಿ ಮಾಡಿ.